ಗೆರೆ ಎಳೆಯೋ ಕೈ ಯಾರದು? ಆ ಗೆರೆ ನಮ್ಮ ಕೇರಿ ಮೇಲೇ ಯಾಕೆ ಬೀಳುತ್ತೆ?



ಪೋಸ್ಟು ಉದ್ದ ಇದೆ. ಲೈಕ್ ಒತ್ತಿ ಮುಂದೆ ಹೋಗೋರು ಹೋಗಿ, ಬೇಜಾರಿಲ್ಲ. ಆದರೆ ತಾಲೂಕು, ಹೋಬಳಿ ಮಟ್ಟದಲ್ಲಿ ಸಂಘಟನೆ ಮಾಡ್ತಿರೋ ಹುಡುಗರು, ಹೆಣ್ಣುಮಕ್ಕಳು ಮಾತ್ರ ಪೂರ್ತಿ ಓದಲೇಬೇಕು. ಇದು ನಿಮಗೇ ಬರೆದದ್ದು.

ಟಿವಿ ಹಾಕಿದ್ರೆ, ಪೇಪರ್ ತೆಗೆದ್ರೆ ಒಂದೇ ಮಾತು. ಕ್ಷೇತ್ರ ಪುನರ್‌ವಿಂಗಡಣೆ ಆದ್ರೆ ದಕ್ಷಿಣಕ್ಕೆ ಅನ್ಯಾಯ, ಕರ್ನಾಟಕದ ದನಿ ಅಡಗುತ್ತೆ. 2025ರ ಮಾರ್ಚ್‌ನಲ್ಲಿ ಚೆನ್ನೈನಲ್ಲಿ ಸ್ಟಾಲಿನ್ ಸಭೆ ಕರೆದ್ರು, ನಮ್ಮ ಡಿ.ಕೆ. ಶಿವಕುಮಾರ್ ಅವರೂ ಹೋಗಿ ಬಂದ್ರು. ಆ ಆತಂಕ ಸುಳ್ಳು ಅಂತ ನಾನು ಹೇಳಲ್ಲ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋ ಲೆಕ್ಕ 1971ರ ಜನಗಣತಿ ಮೇಲೇ ನಿಂತಿದೆ. 1976ರಲ್ಲಿ 42ನೇ ತಿದ್ದುಪಡಿ ತಂದು ಅದನ್ನ ಕಟ್ಟಿಹಾಕಿದ್ರು, ಆಮೇಲೆ 84ನೇ ತಿದ್ದುಪಡಿ ತಂದು 2026ರ ನಂತರದ ಮೊದಲ ಜನಗಣತಿವರೆಗೂ ಮುಂದೂಡಿದ್ರು. ಆ ಗಂಟು ಬಿಚ್ಚೋ ದಿನ ಹತ್ತಿರ ಬಂದಾಗ ದಕ್ಷಿಣದ ಸರ್ಕಾರಗಳು ಗಾಬರಿ ಆಗೋದು ಸಹಜ.

ಆದರೆ ಈ ಗಲಾಟೆಯಲ್ಲಿ ಕೆಲವರು ಆಡೋ ಮಾತು ಕೇಳಿದ್ರೆ ಮೈ ಉರಿಯುತ್ತೆ. "ಉತ್ತರದವರು ಹೆತ್ತು ಹಾಕ್ತಾರೆ, ಅವರಿಗೆ ಸೀಟು ಜಾಸ್ತಿ" ಅಂತ. ಸ್ವಾಮಿ, ಆ ಉತ್ತರದ ಜನಸಂಖ್ಯೆಯೊಳಗೆ ನಮ್ಮ ಜನಾನೂ ಇದ್ದಾರೆ. ಉತ್ತರ ಪ್ರದೇಶ ಒಂದರಲ್ಲೇ 2011ರ ಗಣತಿ ಪ್ರಕಾರ 4 ಕೋಟಿಗೂ ಜಾಸ್ತಿ ಪರಿಶಿಷ್ಟ ಜಾತಿಯವರಿದ್ದಾರೆ. ಲೆಕ್ಕ 1971ಕ್ಕೇ ನಿಂತಿರೋದ್ರಿಂದ ಅವರ ಒಂದು ಓಟಿನ ತೂಕ ನಮ್ಮ ಒಂದು ಓಟಿಗಿಂತ ಕಮ್ಮಿ ಆಗಿದೆ. ಒಬ್ಬನಿಗೆ ಒಂದು ಮತ, ಆ ಮತಕ್ಕೆ ಒಂದೇ ಮೌಲ್ಯ ಅಂತ ಬಾಬಾಸಾಹೇಬರ ಹೆಸರಲ್ಲಿ ಭಾಷಣ ಬಿಗಿಯೋರು ಇದನ್ನೂ ಒಂದ್ಸಲ ಯೋಚನೆ ಮಾಡಲಿ. ರಾಜ್ಯದ ಹಕ್ಕು ಕೇಳಿ, ತೆರಿಗೆ ಪಾಲು ಕೇಳಿ, ರಾಜ್ಯಸಭೆಗೆ ಬಲ ಕೊಡಿ ಅಂತ ಕೇಳಿ. ಬಡವರ ಹೆರಿಗೆ ಲೆಕ್ಕ ಹಾಕ್ಬೇಡಿ.

ಇರಲಿ. ನನ್ನ ತಕರಾರು ಬೇರೆ.

ಕರ್ನಾಟಕಕ್ಕೆ 28 ಇರುತ್ತೋ 26 ಆಗುತ್ತೋ 36 ಆಗುತ್ತೋ, ಅದು ದೆಹಲಿ ಮತ್ತು ಬೆಂಗಳೂರಿನ ಜಗಳ. ಆ ಸೀಟಿನ ಗಡಿ ಯಾವ ಹೋಬಳಿಯನ್ನ ಸೀಳಿಕೊಂಡು, ಯಾವ ಊರಿನ ಯಾವ ಕೇರಿ ಪಕ್ಕ ಹಾಯುತ್ತೆ ಅನ್ನೋದು ನಮ್ಮ ಜಗಳ. ಇದರ ಬಗ್ಗೆ ಒಬ್ಬ ಮುಖ್ಯಮಂತ್ರಿ ಮಾತಾಡಿದ್ದು ಕೇಳಿದ್ದೀರಾ? ಒಬ್ಬ ದಲಿತ ಎಂಎಲ್‌ಎ? ನಾನಂತೂ ಕೇಳಿಲ್ಲ. ಎಷ್ಟು ಸೀಟು ಅನ್ನೋದಕ್ಕೆ ಸಮಾವೇಶ, ಎಲ್ಲಿ ಗೆರೆ ಅನ್ನೋದಕ್ಕೆ ಮೌನ.

ಕಾನೂನಲ್ಲಿ ಏನಿದೆ ನೋಡೋಣ. 2002ರ ಪುನರ್‌ವಿಂಗಡಣಾ ಕಾಯ್ದೆಯ 9ನೇ ಕಲಂ. ಕ್ಷೇತ್ರ ಸಾಧ್ಯವಾದಷ್ಟೂ ಭೌಗೋಳಿಕವಾಗಿ ಒತ್ತಟ್ಟಿಗಿರಬೇಕು, ನೈಸರ್ಗಿಕ ಲಕ್ಷಣ ನೋಡಬೇಕು, ಆಡಳಿತದ ಗಡಿ ನೋಡಬೇಕು, ಸಂಪರ್ಕ ಸೌಲಭ್ಯ ನೋಡಬೇಕು, ಸಾರ್ವಜನಿಕರ ಅನುಕೂಲ ನೋಡಬೇಕು. ಇಷ್ಟೇ. ಹೊಳೆಗೆ ಜಾಗ ಇದೆ, ಬೆಟ್ಟಕ್ಕೆ ಜಾಗ ಇದೆ, ರಸ್ತೆಗೆ ಜಾಗ ಇದೆ. ಕೇರಿಗೆ ಜಾಗ ಇಲ್ಲ. ಒಂದೇ ಕಷ್ಟ ಉಣ್ಣೋ, ಒಂದೇ ಸ್ಮಶಾನಕ್ಕೆ ಅಲೆಯೋ, ಒಂದೇ ಬೋರ್‌ವೆಲ್‌ಗೆ ಕೊಡ ಹಿಡಿಯೋ ಜನವಸತಿಯನ್ನ ಒಡೆಯಬಾರದು ಅಂತ ಒಂದೇ ಒಂದು ಸಾಲು ಇಲ್ಲ.

ಮೀಸಲು ಕ್ಷೇತ್ರ ಎಲ್ಲಿ ಅನ್ನೋದಕ್ಕೂ ಅದೇ ಕಲಮಲ್ಲಿ ನಿಯಮ ಇದೆ. ಪರಿಶಿಷ್ಟ ಪಂಗಡಕ್ಕೆ: ಅವರ ಪ್ರಮಾಣ ಎಲ್ಲಿ ಅತಿ ಹೆಚ್ಚೋ ಅಲ್ಲಿ. ಸರಳ. ಪರಿಶಿಷ್ಟ ಜಾತಿಗೆ ಮಾತ್ರ ಬೇರೆ ಮಾತು: ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಬೇಕು, ಸಾಧ್ಯವಾದ ಮಟ್ಟಿಗೆ ಪ್ರಮಾಣ ಹೆಚ್ಚಿರೋ ಕಡೆ ಇರಬೇಕು. "ಹಂಚಬೇಕು" ಮತ್ತು "ಸಾಧ್ಯವಾದ ಮಟ್ಟಿಗೆ", ಈ ಎರಡು ಪದ ಹಿಡ್ಕೊಳ್ಳಿ. ಕಳೆದ ಸಲ ಇದನ್ನ ಹೇಗೆ ಜಾರಿ ಮಾಡಿದ್ರು ಅಂದ್ರೆ, ಮೊದಲು ರಾಜ್ಯಕ್ಕೆ ಎಷ್ಟು ಎಸ್‌ಸಿ ಸೀಟು ಅಂತ ಲೆಕ್ಕ. ಆಮೇಲೆ ಜಿಲ್ಲಾವಾರು ಹಂಚಿಕೆ. ಆಮೇಲೆ ಜಿಲ್ಲೆಯೊಳಗೆ ಕ್ಷೇತ್ರಗಳ ಗಡಿ ಎಳೆದು, ಯಾವುದರಲ್ಲಿ ನಮ್ಮ ಶೇಕಡಾವಾರು ಜಾಸ್ತಿ ಬಂತೋ ಅದು ಮೀಸಲು.

ಈಗ ಇದರಲ್ಲಿ ಕೈಚಳಕಕ್ಕೆ ಜಾಗ ಎಲ್ಲಿದೆ ಹೇಳಿ? ಗಡಿಯಲ್ಲಿ. ದಲಿತರು ಜಾಸ್ತಿ ಇರೋ ಎರಡು ಹೋಬಳಿಯನ್ನ ಒಂದು ಕ್ಷೇತ್ರಕ್ಕೆ ಸೇರಿಸಿದ್ರೆ ಅದು ಜಿಲ್ಲೆಯಲ್ಲಿ ಮೊದಲು ಬರುತ್ತೆ, ಮೀಸಲಾಗುತ್ತೆ. ಒಂದನ್ನ ಈ ಕಡೆ, ಇನ್ನೊಂದನ್ನ ಆ ಕಡೆ ಎಸೆದ್ರೆ ಎರಡೂ ಕ್ಷೇತ್ರ ಸಾಮಾನ್ಯ ಆಗಿಯೇ ಉಳಿಯುತ್ತೆ, ಇನ್ಯಾವುದೋ ಮೂರನೇದು ಮೀಸಲಾಗುತ್ತೆ. ಯಾರದೋ ಮನೆತನದ ಸೀಟು ಉಳಿಯುತ್ತೆ. ಶೇಕಡಾವಾರು ಲೆಕ್ಕ ತಪ್ಪೇ ಇಲ್ಲದೆ ಸರಿ ಇರುತ್ತೆ. ಲೆಕ್ಕಕ್ಕೆ ಮುಂಚೆ ಎಳೆದ ಗೆರೆಯಲ್ಲೇ ಎಲ್ಲಾ ಮುಗಿದಿರುತ್ತೆ.

"ಅಯ್ಯೋ, ಪುನರ್‌ವಿಂಗಡಣೆ ಅಂದ್ರೆ ಗಣಿತ ಕಣಪ್ಪ, ಅದರಲ್ಲೂ ಜಾತಿ ತರ್ತೀಯಲ್ಲ" ಅಂತಾರೆ ನನ್ನ ಜೊತೆ ಕೆಲಸ ಮಾಡೋ ಹಿರಿಯರೊಬ್ಬರು. ಗಣಿತಾನೇ ಮಾಡೋಣ ಬನ್ನಿ ಸಾರ್. ಕಳೆದ ಪುನರ್‌ವಿಂಗಡಣೆಗೆ ಲೆಕ್ಕ 2001ರ ಜನಗಣತಿ. ರಾಜ್ಯದ ಜನಸಂಖ್ಯೆ 5 ಕೋಟಿ 28 ಲಕ್ಷ, ವಿಧಾನಸಭಾ ಸೀಟು 224. ಭಾಗಿಸಿದ್ರೆ ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ. ಇದರ ಮೇಲೆ ಆಯೋಗ ಶೇ 10ರಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಸಡಿಲ ಕೊಟ್ಟಿತ್ತು. ಅಂದ್ರೆ ಒಂದು ಕ್ಷೇತ್ರ 2 ಲಕ್ಷ 12 ಸಾವಿರ ಇರಬಹುದು, ಪಕ್ಕದ್ದು 2 ಲಕ್ಷ 59 ಸಾವಿರ ಇರಬಹುದು, ಎರಡೂ ಕಾನೂನುಬದ್ಧ. ನಡುವೆ 47 ಸಾವಿರ ಜನ. ಒಂದು ದೊಡ್ಡ ಹೋಬಳಿಯಷ್ಟು ಜನರನ್ನ ಈ ಕಡೆಯಿಂದ ಆ ಕಡೆಗೆ ಎತ್ತಿ ಇಡಬಹುದು, ಯಾರಿಗೂ ಕಾರಣ ಹೇಳಬೇಕಿಲ್ಲ. ನಿಮ್ಮ ಗಣಿತದೊಳಗೆ ಇಷ್ಟು ದೊಡ್ಡ ಬಾಗಿಲಿದೆ ಸಾರ್. ಆ ಬಾಗಿಲಿಂದ ಯಾರು ಒಳಗೆ ಬರ್ತಾರೆ ಅಂತ ಗೊತ್ತಿಲ್ವಾ ನಿಮಗೆ?

ಗೆರೆ ಅಂದ್ರೆ ಏನು ಅಂತ ತಿಳಿಯೋಕೆ ಸಂತೇಮರಹಳ್ಳಿ ನೆನಪು ಮಾಡ್ಕೊಳ್ಳಿ. ಚಾಮರಾಜನಗರ ಜಿಲ್ಲೆಯ ಮೀಸಲು ಕ್ಷೇತ್ರ. 2004ರ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಒಂದೇ ಒಂದು ಓಟಿನಲ್ಲಿ ಗೆದ್ರು. ಒಂದು ಓಟು! ಅಂಥಾ ಕಡೆ ಒಂದು ಗ್ರಾಮ ಅಲ್ಲ, ಒಂದು ಮನೆ ಗೆರೆಯ ಆಚೆ ಹೋಗಿದ್ರೂ ಶಾಸಕರೇ ಬದಲಾಗ್ತಿದ್ರು. 2008ರ ಹೊತ್ತಿಗೆ ಆ ಕ್ಷೇತ್ರಾನೇ ಇಲ್ಲ, ನಕ್ಷೆಯಿಂದ ಅಳಿಸಿಹೋಯ್ತು.

2008ರಲ್ಲಿ ಹೊಸ ಗಡಿಯಲ್ಲಿ ಮೊದಲು ಚುನಾವಣೆ ನಡೆದ ರಾಜ್ಯ ನಮ್ಮದೇ. ಎಸ್‌ಸಿ ಮೀಸಲು ಕ್ಷೇತ್ರ 33ರಿಂದ 36 ಆಯ್ತು, ಎಸ್‌ಟಿ 2ರಿಂದ 15 ಆಯ್ತು. ನಾಯಕ ಸಮುದಾಯ 1991ರಲ್ಲಿ ಎಸ್‌ಟಿ ಪಟ್ಟಿಗೆ ಸೇರಿದ್ದಕ್ಕೆ ಅವರ ಪಾಲು ಅವರಿಗೆ ಬಂತು, ಬಹಳ ಸಂತೋಷ. ಆದರೆ ಆ ಬದಲಾವಣೆಯಲ್ಲಿ ಹತ್ತಾರು ವರ್ಷ ಕಟ್ಟಿದ ನೆಲೆಗಳು ಏನಾದವು ನೋಡಿ. ಗುರುಮಿಠಕಲ್‌ನಲ್ಲಿ ಖರ್ಗೆಯವರು 1972ರಿಂದ ಸತತ ಎಂಟು ಸಲ ಗೆದ್ದಿದ್ರು. ಅದು ಸಾಮಾನ್ಯ ಆಯ್ತು, ಅವರು ಚಿತ್ತಾಪುರಕ್ಕೆ ಬಂದ್ರು. ಚಿಕ್ಕೋಡಿ ಲೋಕಸಭಾ ಕ್ಷೇತ್ರ ಸಾಮಾನ್ಯ ಆಯ್ತು, ಬಿಜಾಪುರ ಮೀಸಲಾಯ್ತು, ಜಿಗಜಿಣಗಿಯವರು ಅಲ್ಲಿಗೆ ಹೋದ್ರು. ಬೀದರ್ ಹೋಯ್ತು, ಗುಲ್ಬರ್ಗ ಬಂತು, ಚಿತ್ರದುರ್ಗ ಬಂತು. ಖರ್ಗೆಯವರಂಥ ದೊಡ್ಡವರು ಎಲ್ಲಿಗೆ ಬೇಕಾದರೂ ಹೋಗಿ ಗೆಲ್ತಾರೆ ಬಿಡಿ. ನನ್ನ ಯೋಚನೆ ಅವರದಲ್ಲ. ಚಿಕ್ಕೋಡಿಯಲ್ಲೋ ಬೀದರಿನಲ್ಲೋ ಹದಿನೈದು ವರ್ಷ ಸೈಕಲ್ ತುಳಿದು, ಕೇಸು ಹಾಕಿಸಿಕೊಂಡು, ಅಂಬೇಡ್ಕರ್ ಭವನಕ್ಕೆ ಜಾಗ ಬಿಡಿಸಿದ ಸಾಮಾನ್ಯ ಕಾರ್ಯಕರ್ತ ಎಲ್ಲಿಗೆ ಹೋಗ್ತಾನೆ? ಅವನ ಕ್ಷೇತ್ರ ಸಾಮಾನ್ಯ ಆದ ದಿನ ಅವನ ರಾಜಕೀಯ ಮುಗೀತು. ಸಾಮಾನ್ಯ ಕ್ಷೇತ್ರದಲ್ಲಿ ದಲಿತನಿಗೆ ಟಿಕೆಟ್ ಕೊಡೋ ಪಕ್ಷ ಯಾವುದು, ಕೈ ಎತ್ತಿ.

ಇದು ಇವತ್ತಿನ ಗಾಯ ಅಲ್ಲ. 1932ರ ಸೆಪ್ಟೆಂಬರ್ 24, ಪೂನಾ ಒಪ್ಪಂದ. ಪ್ರತ್ಯೇಕ ಮತದಾರ ವರ್ಗ ಕೈಬಿಟ್ಟು ಪ್ರಾಂತೀಯ ಶಾಸನಸಭೆಗಳಲ್ಲಿ 148 ಸೀಟು ಕೊಟ್ರು. ಸಂಖ್ಯೆ ಜಾಸ್ತಿ ಸಿಕ್ತು, ಆದರೆ ಯಾರನ್ನ ಆರಿಸಬೇಕು ಅನ್ನೋ ಅಧಿಕಾರ ನಮ್ಮ ಕೈಲಿ ಉಳೀಲಿಲ್ಲ. ಅದರ ಫಲ ಬಾಬಾಸಾಹೇಬರೇ ಉಂಡ್ರು. 1952ರ ಮೊದಲ ಚುನಾವಣೆಯಲ್ಲಿ ಉತ್ತರ ಬಾಂಬೆಯಿಂದ ಸಂವಿಧಾನದ ಕರಡು ಸಮಿತಿ ಅಧ್ಯಕ್ಷರು ನಿಂತು ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಆಗ ಒಂದೇ ಕ್ಷೇತ್ರದಿಂದ ಇಬ್ಬರು ಸದಸ್ಯರ ಪದ್ಧತಿ ಇತ್ತು, ಒಂದು ಸಾಮಾನ್ಯ, ಒಂದು ಮೀಸಲು. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸೀಟನ್ನ ಪರಿಶಿಷ್ಟ ಪಂಗಡದವರೇ ಗೆದ್ದುಬಿಟ್ರು. ಸೋತವರು ವಿ.ವಿ. ಗಿರಿ, ಮುಂದೆ ರಾಷ್ಟ್ರಪತಿ ಆದವರು. ಸುಪ್ರೀಂ ಕೋರ್ಟಿನವರೆಗೂ ಹೋದ್ರು, ಅಲ್ಲೂ ಆದಿವಾಸಿಯೇ ಗೆದ್ದ. 1961ಕ್ಕೆ ಕಾಯ್ದೆ ಬಂತು, ಇಬ್ಬರು ಸದಸ್ಯರ ಕ್ಷೇತ್ರ ಪದ್ಧತಿಯೇ ರದ್ದು. ನಾವು ನಮ್ಮ ಪಾಲಿಗಿಂತ ಒಂದು ತುತ್ತು ಜಾಸ್ತಿ ತಿಂದ್ರೆ ಎಲೆಯನ್ನೇ ಎತ್ತಿಬಿಡ್ತಾರೆ. ಪೂನಾ ಒಪ್ಪಂದಕ್ಕೆ 50 ವರ್ಷ ತುಂಬಿದ ದಿನ, 1982ರಲ್ಲಿ ಕಾನ್ಶಿರಾಂ ಅವರು 'ಚಮಚಾ ಯುಗ' ಪುಸ್ತಕ ತಂದಿದ್ದು ಸುಮ್ಮನೆ ಅಲ್ಲ.

ಅಮೆರಿಕದಲ್ಲೂ ಇದೇ ಆಟ. ಅಲಬಾಮಾ ರಾಜ್ಯದ ಟಸ್ಕೀಗಿ ಅಂತ ಊರು. ಚೌಕಾಕಾರದ ಊರಿನ ಗಡಿಯನ್ನ 1957ರಲ್ಲಿ ಅಲ್ಲಿನ ಶಾಸನಸಭೆ 28 ಮೂಲೆಗಳ ವಿಚಿತ್ರ ಆಕಾರಕ್ಕೆ ತಿರುಚಿತು. ಮೊದಲು ಊರೊಳಗೆ 400ರಷ್ಟು ಕಪ್ಪು ಮತದಾರರಿದ್ರು. ಹೊಸ ಗಡಿ ಎಳೆದ ಮೇಲೆ ಒಳಗೆ ಉಳಿದೋರು ನಾಲ್ಕೋ ಐದೋ ಜನ. ಬಿಳಿಯರು ಒಬ್ಬರೂ ಹೊರಗೆ ಹೋಗಲಿಲ್ಲ! ಯಾರಿಗೂ ಹೊಡೀಲಿಲ್ಲ, ಬಡೀಲಿಲ್ಲ, ಗಡಿ ಸರಿಸಿದ್ರು ಅಷ್ಟೇ. ಗೋಮಿಲಿಯನ್ ಅನ್ನೋ ಕಪ್ಪು ಮೇಷ್ಟ್ರು ಕೋರ್ಟಿಗೆ ಹೋಗಿ 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ರು. ಅಲ್ಲಿ ಕೋರ್ಟಿಗಾದ್ರೂ ಹೋಗಬಹುದಿತ್ತು. ನಮ್ಮಲ್ಲಿ ಸಂವಿಧಾನದ 329ನೇ ವಿಧಿ ಪ್ರಕಾರ ಪುನರ್‌ವಿಂಗಡಣೆ ಕಾನೂನನ್ನ ಕೋರ್ಟಿನಲ್ಲಿ ಪ್ರಶ್ನೆ ಮಾಡೋ ಹಾಗಿಲ್ಲ. ಆಯೋಗದ ಆದೇಶ ರಾಜ್ಯಪತ್ರದಲ್ಲಿ ಬಂದ ಮೇಲೆ ಅದೇ ಕಾನೂನು, ಸಂಸತ್ತು ಕೂಡ ಒಂದಕ್ಷರ ತಿದ್ದುವಂತಿಲ್ಲ. 2024ರಲ್ಲಿ ಗುಜರಾತಿನ ಬಾರ್ಡೋಲಿ ಕ್ಷೇತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಬಾಗಿಲು ತೆರೆದಿದೆ. ಆದೇಶ ಎದ್ದು ಕಾಣೋ ಹಾಗೆ ಮನಸೋಇಚ್ಛೆಯದಾಗಿದ್ರೆ, ಸಂವಿಧಾನದ ಮೌಲ್ಯಕ್ಕೆ ವಿರುದ್ಧ ಇದ್ರೆ ಕೋರ್ಟು ನೋಡಬಹುದು ಅಂದಿದೆ. ಒಳ್ಳೇದು. ಆದರೆ ಮನಸೋಇಚ್ಛೆ ಅಂತ ತೋರಿಸೋಕೆ ಒಂದು ಮಾನದಂಡ ಇರಬೇಕಲ್ಲ? ಅಳತೆಗೋಲೇ ಇಲ್ಲದೆ ಸೊಟ್ಟ ಅಂತ ಹೇಗೆ ಸಾಬೀತು ಮಾಡೋದು?

ದೆಹಲಿ ಆಯೋಗದ್ದು ದೊಡ್ಡ ಮಾತು ಆಯ್ತು, ಪಕ್ಕದ ಬೀದಿಗೆ ಬನ್ನಿ. ನಮ್ಮ ಊರು ಒಂದು ತಾಲೂಕು ಕೇಂದ್ರ. ಹಿಂದೊಮ್ಮೆ ವಾರ್ಡ್ ವಿಂಗಡಣೆ ಆದಾಗ ಇನ್ನೂರು ಚಿಲ್ಲರೆ ಮನೆಯ ನಮ್ಮ ಕೇರಿ ನಡುವಿನ ಮೋರಿಯನ್ನೇ ಗಡಿ ಮಾಡಿದ್ರು. ಮೋರಿಯ ಈ ಕಡೆ ಒಂದು ವಾರ್ಡು, ಆ ಕಡೆ ಇನ್ನೊಂದು. ಒಂದು ಭಾಗ ಬಜಾರಿನವರ ಜೊತೆ, ಇನ್ನೊಂದು ಭಾಗ ಹೊಸ ಬಡಾವಣೆಯವರ ಜೊತೆ. ಎರಡು ಕಡೆನೂ ನಾವು ಅಲ್ಪ. ಚಕ್ಕುಬಂದಿ ಓದಿ ನೋಡಿದ್ರೆ ಪೂರ್ವಕ್ಕೆ ಇಂಥಾ ರಸ್ತೆ, ಪಶ್ಚಿಮಕ್ಕೆ ಇಂಥಾ ಮೋರಿ, ಎಲ್ಲಾ ಸಭ್ಯವಾಗಿದೆ, ಎಲ್ಲೂ ಜಾತಿ ಹೆಸರಿಲ್ಲ. ಆಮೇಲೆ ಆ ಮೋರಿ ಕಟ್ಟಿಸೋ ವಿಷಯ ಬಂದಾಗ ಇಬ್ಬರು ಕೌನ್ಸಿಲರೂ ಒಂದೇ ಮಾತು: ಅದು ನನ್ನ ವಾರ್ಡಿಗೆ ಬರಲ್ಲ. ಗಡಿ ಮೇಲಿರೋ ಮೋರಿ ಯಾರ ಮಗು? ಮಳೆಗಾಲದಲ್ಲಿ ನೀರು ಮಾತ್ರ ಎರಡೂ ವಾರ್ಡಿಗೆ ನುಗ್ತಿತ್ತು, ಅದಕ್ಕೆ ಗಡಿ ಗೊತ್ತಿಲ್ಲ ಪಾಪ. ಕರಡು ಬಂದಿದ್ದು ಕಚೇರಿಯ ನೋಟಿಸ್ ಬೋರ್ಡಿನ ಮೂಲೆಗೆ, ಆಕ್ಷೇಪಣೆಗೆ ಕೊಟ್ಟಿದ್ದು ಬೆರಳೆಣಿಕೆ ದಿನ, ಜೊತೆಗೆ ನಕ್ಷೆ ಇರಲಿಲ್ಲ. ನಾನು ಕಾಲೇಜು ಕಚೇರಿಯಲ್ಲಿ ಗುಮಾಸ್ತ, ದಿನಾ ಕಡತ ಓದೋನು. ನನಗೇ ಆ ಚಕ್ಕುಬಂದಿಯನ್ನ ನೆಲದ ಮೇಲೆ ಹೊಂದಿಸೋಕೆ ಎರಡು ಸಂಜೆ ಬೇಕಾಯ್ತು. ಗಾರೆ ಕೆಲಸ ಮುಗಿಸಿ ಏಳು ಗಂಟೆಗೆ ಮನೆಗೆ ಬರೋ ಅಣ್ಣ ಅದನ್ನ ಎಲ್ಲಿ ಓದ್ತಾನೆ?

ಇನ್ನು ಗೆರೆಯನ್ನೇ ಎಳೀದೆ ಚುನಾವಣೆ ತಳ್ಳೋ ಕಲೆ ಬೇರೆ. ನಮ್ಮ ರಾಜ್ಯದ ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರ ಏಪ್ರಿಲ್-ಮೇನಲ್ಲೇ ಮುಗೀತು. ಐದು ವರ್ಷಕ್ಕೊಮ್ಮೆ ಚುನಾವಣೆ ಅಂತ ಸಂವಿಧಾನದ 243ಇ ವಿಧಿ ಇದೆ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿಟ್ಟಿತ್ತು. ಆಗಿನ ಬಿಜೆಪಿ ಸರ್ಕಾರ ಕಾನೂನು ತಿದ್ದಿ ಆ ಅಧಿಕಾರ ಕಿತ್ತುಕೊಂಡು ಬೇರೆ ಆಯೋಗ ಮಾಡಿತು. ಆಮೇಲೆ ಬಂದ ಕಾಂಗ್ರೆಸ್ ಸರ್ಕಾರವೂ ಅದೇ ಹಾಸಿಗೆ ಮೇಲೆ ಮಲಗಿತು. ಬೆಂಗಳೂರಿನಲ್ಲಿ ನೋಡಿ, 2020ರ ಸೆಪ್ಟೆಂಬರ್‌ಗೆ ಪಾಲಿಕೆ ಅವಧಿ ಮುಗೀತು, ವಾರ್ಡು 198 ಇದ್ದದ್ದು 243 ಆಯ್ತು, ಸರ್ಕಾರ ಬದಲಾಗಿ 225 ಆಯ್ತು, ಆಮೇಲೆ ಪಾಲಿಕೆಯನ್ನೇ ಐದು ಮಾಡಿದ್ರು. ಯಾವ ಪಕ್ಷ ಬಂದ್ರೂ ಮೊದಲು ಕೈ ಹಾಕೋದು ನಕ್ಷೆಗೆ. ವಿಂಗಡಣೆ ನೆಪ ಹೇಳಿ ಸ್ಥಳೀಯ ಚುನಾವಣೆ ಮುಂದೂಡಬಾರದು ಅಂತ ಸುಪ್ರೀಂ ಕೋರ್ಟ್ 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲೇ ಹೇಳಿದೆ. ಯಾರು ಕೇಳ್ತಾರೆ? ತಾಲೂಕು ಪಂಚಾಯಿತಿ ಮೀಸಲು ಸೀಟಿನಲ್ಲಿ ಗೆದ್ದು ಮೊದಲ ಸಲ ಅಧಿಕಾರಿ ಮುಂದೆ ಕುರ್ಚಿಯಲ್ಲಿ ಕೂತಿದ್ದ ನಮ್ಮ ಅಕ್ಕಂದಿರು ಮತ್ತೆ ಬಾಗಿಲ ಹೊರಗೆ ಅರ್ಜಿ ಹಿಡಿದು ನಿಂತಿದ್ದಾರೆ.

ಈಗ ನಮ್ಮವರಲ್ಲೇ ಕೆಲವರು ಹೇಳೋ ಒಂದು ಮಾತಿಗೆ ಉತ್ತರ ಕೊಡಬೇಕು. "ಹಾಗಾದ್ರೆ ದಲಿತರನ್ನೆಲ್ಲಾ ಒಂದೇ ಕ್ಷೇತ್ರಕ್ಕೆ ಹಾಕಿಬಿಟ್ರೆ ನಾವೇ ಗೆಲ್ತೀವಲ್ಲ?" ಅಂತ. ಬೇಡ ತಮ್ಮಾ. ಒಡೆದು ಹಾಕೋದು ಒಂದು ಮೋಸ, ಕೂಡಿ ಹಾಕೋದು ಇನ್ನೊಂದು ಮೋಸ. ಜಿಲ್ಲೆಯ ದಲಿತರನ್ನೆಲ್ಲ ಒಂದು ದೊಡ್ಡಿಗೆ ತುಂಬಿದ್ರೆ ಉಳಿದ ಐದಾರು ಕ್ಷೇತ್ರದ ಶಾಸಕರು ನಮ್ಮ ಕೇರಿಗೆ ಕಾಲೇ ಇಡಲ್ಲ. ಲೆಕ್ಕ ನೋಡಿ: 224ರಲ್ಲಿ 36 ಎಸ್‌ಸಿ, 15 ಎಸ್‌ಟಿ ತೆಗೆದ್ರೆ 173 ಸಾಮಾನ್ಯ ಕ್ಷೇತ್ರ. 2011ರ ಗಣತಿಯಲ್ಲಿ ನಾವು 1 ಕೋಟಿ 4 ಲಕ್ಷಕ್ಕೂ ಹೆಚ್ಚು, ರಾಜ್ಯದ ಶೇ 17. ಇದರಲ್ಲಿ ಬಹುಪಾಲು ಜನ ವಾಸ ಮಾಡೋದು ಮೀಸಲಲ್ಲದ ಕ್ಷೇತ್ರಗಳಲ್ಲೇ. ಅಲ್ಲಿ ನಮ್ಮ ಓಟು ಒಟ್ಟಾಗಿದ್ರೆ ಮೇಲ್ಜಾತಿ ಅಭ್ಯರ್ಥಿಯೂ ಬಂದು ಸ್ಮಶಾನದ ಜಾಗದ ಬಗ್ಗೆ ಮಾತಾಡಬೇಕಾಗುತ್ತೆ. ಚೂರು ಚೂರಾದ್ರೆ ಚುನಾವಣೆ ಹಿಂದಿನ ರಾತ್ರಿ ಬಾಟಲಿ ಬರುತ್ತೆ ಅಷ್ಟೇ. 36ನ್ನ ಮಾತ್ರ ಎಣಿಸೋ ನಾಯಕರಿಗೆ ಈ 173 ಕಾಣಲ್ಲ, ಯಾಕಂದ್ರೆ ಅಲ್ಲಿ ಅವರಿಗೆ ಟಿಕೆಟ್ ಇಲ್ಲ.

ಇನ್ನೊಂದು ಮಾತು, ಕೆಲವರಿಗೆ ರುಚಿಸಲ್ಲ. ಮುಸ್ಲಿಮರು ಹೆಚ್ಚಿರೋ ಕ್ಷೇತ್ರಗಳನ್ನ ಎಸ್‌ಸಿಗೆ ಮೀಸಲಿಟ್ಟು, ದಲಿತರು ಅದಕ್ಕಿಂತ ಹೆಚ್ಚಿರೋ ಕ್ಷೇತ್ರಗಳನ್ನ ಸಾಮಾನ್ಯ ಅಂತ ಬಿಟ್ಟಿದ್ದಾರೆ ಅಂತ ಉತ್ತರ ಪ್ರದೇಶ, ಬಿಹಾರ, ಬಂಗಾಳದ ಉದಾಹರಣೆ ಕೊಟ್ಟು 2006ರ ಸಾಚಾರ್ ಸಮಿತಿ ಹೇಳಿತ್ತು. ಒಂದೇ ಕಲ್ಲು, ಎರಡು ಹಕ್ಕಿ. ಅವರಿಗೆ ಸ್ಪರ್ಧಿಸೋಕೆ ಆಗಲ್ಲ, ನಮಗೆ ನಮ್ಮ ಬಲ ಇರೋ ಕಡೆ ಸೀಟಿಲ್ಲ. ನಮ್ಮ ಹೆಸರು ಹೇಳಿ ಇನ್ನೊಬ್ಬ ಬಡವನ ಸೀಟು ಕಿತ್ತರೆ ಅದು ನಮಗೆ ಸಿಕ್ಕ ನ್ಯಾಯ ಅಲ್ಲ. ಅಸ್ಸಾಂನಲ್ಲಿ 2023ರಲ್ಲಿ ಹೊಸ ವಿಂಗಡಣೆ ಮಾಡಿ ಕರೀಂಗಂಜ್ ಮೀಸಲು ತೆಗೆದು ಸಿಲ್ಚಾರ್‌ಗೆ ಹಾಕಿದ್ರು, ಅದೂ 2001ರ ಗಣತಿ ಇಟ್ಟುಕೊಂಡು. ಅದರ ಹಿಂದಿನ ವರ್ಷ ಜಮ್ಮು-ಕಾಶ್ಮೀರದಲ್ಲಿ 2011ರ ಗಣತಿ ಹಿಡಿದು ಜಮ್ಮುವಿಗೆ 6, ಕಾಶ್ಮೀರಕ್ಕೆ 1 ಸೀಟು ಹೆಚ್ಚಿಸಿದ್ರು. ಒಂದೇ ದೇಶ, ಒಂದು ಕಡೆ ಒಂದು ತಕ್ಕಡಿ, ಇನ್ನೊಂದು ಕಡೆ ಇನ್ನೊಂದು.

ಹಾಗಾಗಿ ನಾವು ಕೇಳಬೇಕಾದ್ದು ಏನು? ನನಗೆ ತೋಚಿದ್ದು ಹೇಳ್ತೀನಿ, ನೀವು ಸೇರಿಸಿ.

ಮೊದಲನೇದು, ಜನವಸತಿ ಒಡೆಯಬಾರದು ಅಂತ ಕಾನೂನಿನಲ್ಲೇ ಬರಲಿ. ಕೇರಿ, ಕಾಲೊನಿ, ತಾಂಡಾ, ಹಟ್ಟಿ ಯಾವುದೇ ಇರಲಿ. ಒಡೆಯಲೇಬೇಕಾದ್ರೆ ಯಾಕೆ ಅಂತ ಲಿಖಿತ ಕಾರಣ ಕೊಡಲಿ. ಆ ಶೇ 10ರ ಸಡಿಲವನ್ನ ಅರ್ಧಕ್ಕೆ ಇಳಿಸಲಿ, ಮಲೆನಾಡಿನಂಥ ಕಡೆ ಮಾತ್ರ ವಿನಾಯಿತಿ ಇರಲಿ. ಕರಡಿನ ಜೊತೆ ನಕ್ಷೆ ಕೊಡಲಿ, ಹಳ್ಳಿವಾರು ನಮ್ಮ ಜನಸಂಖ್ಯೆ ಎಷ್ಟು ಅಂತ ಕನ್ನಡದಲ್ಲಿ ಪಂಚಾಯಿತಿ ಗೋಡೆ ಮೇಲೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಹಳೆ ಗಡಿಯಲ್ಲಿ ಪ್ರಮಾಣ ಎಷ್ಟಿತ್ತು, ಹೊಸದರಲ್ಲಿ ಎಷ್ಟಾಯ್ತು ಅಂತ ಎದುರುಬದುರು ತೋರಿಸಲಿ. ಅಲ್ಲಿ ಕಳ್ಳತನ ತಾನಾಗೇ ಕಾಣುತ್ತೆ.

ಆಯೋಗದಲ್ಲಿ ಯಾರಿರ್ತಾರೆ ಗೊತ್ತಾ? ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಒಬ್ಬರು, ಕೇಂದ್ರ ಚುನಾವಣಾ ಆಯೋಗದವರು ಒಬ್ಬರು, ರಾಜ್ಯ ಚುನಾವಣಾ ಆಯುಕ್ತರು. ಸಹ ಸದಸ್ಯರಾಗಿ ಐದು ಸಂಸದರು, ಐದು ಶಾಸಕರು, ಅವರಿಗೆ ಓಟಿಲ್ಲ. ಈ ಸಂಸದರು, ಶಾಸಕರು ಯಾರು? ಇದೇ ಗಡಿಯಲ್ಲಿ ಗೆದ್ದೋರು, ಇದೇ ಗಡಿ ಉಳಿದ್ರೆ ಲಾಭ ಇರೋರು. ಅದರಲ್ಲಿ ಪರಿಶಿಷ್ಟರು ಇಷ್ಟು ಜನ ಇರಲೇಬೇಕು ಅನ್ನೋ ನಿಯಮ ಇಲ್ಲ. ಓಟಿನ ಹಕ್ಕಿರೋ ಒಬ್ಬ ಪರಿಶಿಷ್ಟ ಸದಸ್ಯರು ಆಯೋಗದಲ್ಲಿ ಇರಲೇಬೇಕು, ಹಾಲಿ ಶಾಸಕರು ಗಡಿ ವಿಷಯದಿಂದ ದೂರ ಇರಬೇಕು. ಜಿಲ್ಲಾವಾರು ಹಂಚಿಕೆ ಬಗ್ಗೆಯೂ ಪ್ರಾಮಾಣಿಕ ಚರ್ಚೆ ಆಗಲಿ. ಕೋಲಾರ ಜಿಲ್ಲೆಯಲ್ಲಿ ನಾವು ಶೇ 30, ಆರರಲ್ಲಿ ಮೂರು ಸೀಟು ಮೀಸಲು. ದಕ್ಷಿಣ ಕನ್ನಡದಲ್ಲಿ ಶೇ 7, ಸುಳ್ಯ ಮೀಸಲು. ಸುಳ್ಯದ ನಮ್ಮ ಜನಕ್ಕೆ ಸೀಟು ಬೇಡ ಅಂತ ನಾನು ಹೇಳ್ತಿಲ್ಲ, ಅಲ್ಲಿ ಅದೊಂದೇ ಇರೋದು. ಆದರೆ ಹಂಚೋ ಹೆಸರಲ್ಲಿ ಪ್ರತಿ ಜಿಲ್ಲೆಯೊಳಗೂ ನಮ್ಮ ಬಲ ಇರೋ ಕ್ಷೇತ್ರ ತಪ್ಪಿಸಿ ಬಲ ಇಲ್ಲದ ಕಡೆ ತಳ್ಳಿದ್ದಾರಾ ಅನ್ನೋದನ್ನ ಹೋಬಳಿ ಹೋಬಳಿ ಲೆಕ್ಕ ಇಟ್ಟು ನೋಡಬೇಕು.

ಇದೆಲ್ಲಕ್ಕೂ ಬುಡ ಜನಗಣತಿ. 2027ರದ್ದು ಬರ್ತಿದೆ, ಜಾತಿ ಎಣಿಕೆಯೂ ಸೇರಿದೆ. ತಲೆ ಎಣಿಸೋ ಕೆಲಸ ಫೆಬ್ರುವರಿಯಲ್ಲಿ. ಆ ಹೊತ್ತಿಗೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆ ನಮ್ಮ ಅರ್ಧ ಕೇರಿ ಗುಳೆ ಹೋಗಿರುತ್ತೆ. ಬೆಂಗಳೂರಿನ ಕಟ್ಟಡದ ಶೆಡ್ಡಲ್ಲೋ, ಪುಣೆಯಲ್ಲೋ, ಕಬ್ಬಿನ ಗದ್ದೆಯಲ್ಲೋ ಇರ್ತಾರೆ. ಅಲ್ಲಿ ಎಣಿಸಿದ್ರೆ ಅಲ್ಲಿನ ಲೆಕ್ಕ, ಶೆಡ್ಡಿಗೆ ಯಾರೂ ಬರದಿದ್ರೆ ಎಲ್ಲೂ ಲೆಕ್ಕಕ್ಕಿಲ್ಲ. ಊರಿನಲ್ಲಿ ಬೀಗ ಹಾಕಿದ ಮನೆ ಅಂದ್ರೆ ಮುಂದಿನ ನಕ್ಷೆಯಲ್ಲಿ ನಮ್ಮ ಶೇಕಡಾ ಕಮ್ಮಿ, ಮೀಸಲು ಸೀಟು ಪಕ್ಕದ ತಾಲೂಕಿಗೆ. ಗುಳೆ ಹೋಗೋ ಊರುಗಳ ಸಂಘಟನೆಯವರು ಈಗಲೇ ಪಟ್ಟಿ ಮಾಡಿ, ಯಾರು ಎಲ್ಲಿದ್ದಾರೆ ಅಂತ ಫೋನ್ ನಂಬರ್ ಬರೆದಿಡಿ, ಅವರಿರೋ ಕಡೆ ಗಣತಿದಾರರು ಬಂದ್ರಾ ಅಂತ ವಿಚಾರಿಸಿ.

ಬೌದ್ಧ ಧರ್ಮ ಅಂತ ಬರೆಸೋ ಬಂಧುಗಳಿಗೂ ಒಂದು ವಿನಂತಿ. 1990ರ ತಿದ್ದುಪಡಿ ಆದ ಮೇಲೆ ಬೌದ್ಧರಾದ್ರೂ ಪರಿಶಿಷ್ಟ ಜಾತಿಯೇ. ಧರ್ಮದ ಕಾಲಂನಲ್ಲಿ ಬೌದ್ಧ ಅಂತ ಹೆಮ್ಮೆಯಿಂದ ಬರೆಸಿ, ಆದರೆ ಜಾತಿಯ ಕಾಲಂ ಖಾಲಿ ಬಿಡಬೇಡಿ. "ನಮಗೆ ಜಾತಿ ಇಲ್ಲ" ಅಂತ ಗಣತಿದಾರರ ಮುಂದೆ ಭಾಷಣ ಮಾಡಿದ್ರೆ ಅವರು ಟೀ ಕುಡಿದು ಹೋಗ್ತಾರೆ, ನಿಮ್ಮ ತಲೆ ಎಸ್‌ಸಿ ಲೆಕ್ಕದಿಂದ ಹೋಗುತ್ತೆ.

ಈಗ ಕೆಲಸ. ನಿಮ್ಮ ಪಂಚಾಯಿತಿ ಅಥವಾ ಪುರಸಭೆಯ ಈಗಿನ ಚಕ್ಕುಬಂದಿ ಆದೇಶದ ಪ್ರತಿಯನ್ನ ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿ ಶುಲ್ಕ ಅಷ್ಟೇ. ಬಂದ ಮೇಲೆ ಭಾನುವಾರ ನಾಲ್ಕು ಜನ ಸೇರಿ ಅದನ್ನ ಹಿಡಿದು ಊರು ಸುತ್ತಿ. ಗೆರೆ ಎಲ್ಲಿ ಹೋಗಿದೆ, ಯಾವ ಕೇರಿ ಎಲ್ಲಿ ತುಂಡಾಗಿದೆ ಅಂತ ಕಾಗದದ ಮೇಲೆ ಬರೆದು ಫೋಟೊ ತೆಗೆದು ಇಟ್ಟುಕೊಳ್ಳಿ. ಕರಡು ಬಂದ ದಿನ ಹುಡುಕೋಕೆ ಹೊರಟ್ರೆ ಸಮಯ ಸಾಲಲ್ಲ. ಆಕ್ಷೇಪಣೆ ಅರ್ಜಿಯ ಒಂದು ಮಾದರಿ ನಾನು ಟೈಪ್ ಮಾಡಿ ಇಟ್ಟಿದ್ದೀನಿ, ಬೇಕಾದೋರು ಕಾಮೆಂಟಲ್ಲಿ ನಿಮ್ಮ ತಾಲೂಕಿನ ಹೆಸರು ಹಾಕಿ, ಕಳಿಸ್ತೀನಿ. ಆಫೀಸು ಮುಗಿಸಿ ಬಂದ ಮೇಲೆ ಕಳಿಸೋದು, ಒಂದೆರಡು ದಿನ ತಡ ಆದ್ರೆ ಬೈಬೇಡಿ.

ಜೈಭೀಮ್.